ಟಿಕೆಟ್ಟಿನೊಳಗಿನ ಊಟ, ಬಿಲ್ಲಿನೊಳಗಿನ ವೈನ್

ಕ್ರೂಸ್ ಹಡಗಿನ ಟಿಕೆಟ್ ದರವೆಂದರೆ ಪ್ರಯಾಣದ ಬಾಡಿಗೆ, ಕೋಣೆಯ ಬಾಡಿಗೆ ಮತ್ತು ಊಟದ ಖರ್ಚು ಮೂರನ್ನೂ ಕೂಡಿಸಿ ಹೇಳುವ ಒಂದೇ ಅಂಕಿ; ಈ ಅಂಕಿಯೊಳಗೆ ಯಾವ ಊಟ ಸೇರುತ್ತದೆ, ಯಾವುದು ಹೊರಗುಳಿಯುತ್ತದೆ, ಊಟದ ಜೊತೆಗೆ ಕುಡಿಯುವ ವೈನಿಗೆ ಬೇರೆ ದುಡ್ಡು ಕೊಡಬೇಕೇ ಬೇಡವೇ ಎಂಬುದನ್ನು ಗೊತ್ತುಮಾಡುವ ಅಧಿಕಾರ ಪೂರ್ತಿಯಾಗಿ ಕಂಪನಿಯದು. ಮೇಲ್ದರ್ಜೆಯ ಹಡಗುಗಳನ್ನು ಈ ಉದ್ಯಮದವರು ಸ್ಥೂಲವಾಗಿ ಎರಡಾಗಿ ವಿಂಗಡಿಸುತ್ತಾರೆ. ಸೀಬೋರ್ನ್, ಸಿಲ್ವರ್‌ಸೀ, ರೀಜೆಂಟ್ ಸೆವೆನ್ ಸೀಸ್, ಕ್ರಿಸ್ಟಲ್ ಮೊದಲಾದ ಕಂಪನಿಗಳ ಸಣ್ಣ ಹಡಗುಗಳು ಲಕ್ಷುರಿ ವರ್ಗಕ್ಕೆ ಸೇರುತ್ತವೆ. ಸೆಲೆಬ್ರಿಟಿ, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ ಕಂಪನಿಗಳ ದೊಡ್ಡ ಹಡಗುಗಳು ಪ್ರೀಮಿಯಂ ಎನಿಸಿಕೊಳ್ಳುತ್ತವೆ. ಓಷಿಯಾನಿಯಾ, ವೈಕಿಂಗ್, ಕ್ಯೂನಾರ್ಡ್‌ಗಳು ಇವೆರಡರ ನಡುವೆ ಎಲ್ಲೋ ನಿಲ್ಲುತ್ತವೆ. ಕೋಣೆಯ ಅಳತೆ, ಸಿಬ್ಬಂದಿಯ ಸಂಖ್ಯೆ, ತಟ್ಟೆಯ ಮೇಲಿನ ಮೀನು ಮಾಂಸದ ಗುಣ ಇವೆಲ್ಲದರಲ್ಲೂ ವ್ಯತ್ಯಾಸ ಇರುವುದು ನಿಜವಾದರೂ, ಈ ವರ್ಗಗಳ ನಡುವಿನ ಗೆರೆಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ವಸ್ತು ವೈನ್ ಬಾಟಲಿ.

ಟಿಕೆಟ್ಟಿನಲ್ಲಿ ಊಟ ಸೇರಿದ್ದರೂ ಅದಕ್ಕಿಂತ ಒಳ್ಳೆಯ ಊಟಕ್ಕೆ ಬೇರೆ ಹಣ ತೆಗೆದುಕೊಳ್ಳುವ ಪದ್ಧತಿ ಇತ್ತೀಚಿನದೆಂದು ಹಲವರು ಭಾವಿಸಿದ್ದಾರೆ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1905ರಲ್ಲಿ ನೀರಿಗಿಳಿದ ಹ್ಯಾಂಬರ್ಗ್ ಅಮೆರಿಕ ಲೈನಿನ 'ಅಮೆರಿಕ' ಹಡಗಿನಲ್ಲಿ, ಹೋಟೆಲ್ ಉದ್ಯಮದ ದಂತಕತೆಯಾಗಿದ್ದ ಸೀಸರ್ ರಿಟ್ಸ್ ಅವರ ಹೆಸರಿನ ರೆಸ್ಟೋರೆಂಟ್ ತೆರೆಯಿತು. ಅಲ್ಲಿ ಪ್ರಯಾಣಿಕರು ಸಾಮಾನ್ಯ ಭೋಜನಶಾಲೆಯ ಗೊತ್ತಾದ ಊಟವನ್ನು ಬಿಟ್ಟು, ತಮಗೆ ಬೇಕಾದ ಪದಾರ್ಥವನ್ನು ಪಟ್ಟಿ ನೋಡಿ ಆರಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಬೆಲೆ ತೆರುತ್ತಿದ್ದರು. ಈ ಕ್ರಮಕ್ಕೆ ಫ್ರೆಂಚರು ಕೊಟ್ಟ 'ಆ ಲಾ ಕಾರ್ಟ್' ಎಂಬ ಹೆಸರೇ ಇಂದಿಗೂ ಉಳಿದಿದೆ. 1912ರ ಟೈಟಾನಿಕ್ ಹಡಗಿನಲ್ಲೂ ಮೊದಲ ದರ್ಜೆಯವರಿಗೆಂದು ಲುಯಿಜಿ ಗಾಟಿ ಎಂಬ ಇಟಲಿಯ ವ್ಯವಸ್ಥಾಪಕರು ನಡೆಸುತ್ತಿದ್ದ ಇಂಥದೇ ರೆಸ್ಟೋರೆಂಟ್ ಇತ್ತು. ಇಡೀ ಪ್ರಯಾಣದಲ್ಲಿ ಅಲ್ಲಿಯೇ ಊಟ ಮಾಡುತ್ತೇವೆಂದು ಮುಂಚಿತವಾಗಿ ತಿಳಿಸಿದವರಿಗೆ ಟಿಕೆಟ್ ದರದಲ್ಲಿ ಒಂದಿಷ್ಟು ಕಡಿತ ಸಿಗುತ್ತಿತ್ತೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ, ಏಕೆಂದರೆ ಬಳಸದ ಊಟದ ಬೆಲೆಯನ್ನು ಟಿಕೆಟ್ಟಿನಿಂದ ಕಳೆಯಬೇಕೆಂಬ ನ್ಯಾಯವನ್ನು ಅಂದಿನ ಕಂಪನಿಗಳು ಒಪ್ಪಿಕೊಂಡಿದ್ದವು. ಇಂದು 60 ಡಾಲರ್ ಕೊಟ್ಟು ವಿಶೇಷ ರೆಸ್ಟೋರೆಂಟಿನಲ್ಲಿ ಉಣ್ಣುವ ಪ್ರಯಾಣಿಕನಿಗೆ ಮುಖ್ಯ ಭೋಜನಶಾಲೆಯಲ್ಲಿ ಉಳಿದುಹೋದ ಊಟದ ಹಣವನ್ನು ಯಾರೂ ಹಿಂದಿರುಗಿಸುವುದಿಲ್ಲ.

ಮಹಾಯುದ್ಧಗಳ ನಂತರ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಹಡಗುಗಳು ವಿಹಾರಕ್ಕೆ ಹೊರಳಿದವು. ಮೊದಲ, ಎರಡನೆಯ, ಮೂರನೆಯ ದರ್ಜೆಗಳ ಭೇದ ಅಳಿದು, ಎಲ್ಲ ಪ್ರಯಾಣಿಕರೂ ಒಂದೇ ಭೋಜನಶಾಲೆಯಲ್ಲಿ ಒಂದೇ ಪಟ್ಟಿಯಿಂದ ಉಣ್ಣುವ ಕ್ರಮ ಬಂತು. ಕ್ಯೂನಾರ್ಡ್ ಮಾತ್ರ ಹಳೆಯ ಮರ್ಯಾದೆಯನ್ನು ಬಿಡಲಿಲ್ಲ. 2004ರಲ್ಲಿ ಯಾನ ಆರಂಭಿಸಿದ ಕ್ವೀನ್ ಮೇರಿ 2 ಹಡಗಿನಲ್ಲಿ ಅತಿ ದೊಡ್ಡ ಸೂಟುಗಳವರಿಗೆ ಕ್ವೀನ್ಸ್ ಗ್ರಿಲ್, ಅದರ ಕೆಳಗಿನವರಿಗೆ ಪ್ರಿನ್ಸೆಸ್ ಗ್ರಿಲ್, ಉಳಿದ ಬಹುಸಂಖ್ಯಾತರಿಗೆ ಬ್ರಿಟಾನಿಯಾ ರೆಸ್ಟೋರೆಂಟ್ ಎಂದು ಊಟದ ಜಾಗವೇ ಕೋಣೆಯ ಬೆಲೆಯ ಮೇಲೆ ನಿರ್ಧಾರವಾಗುತ್ತದೆ. ಇದನ್ನು ಟೀಕಿಸುವವರು ಉಂಟು. ಆದರೆ ಉಳಿದ ಕಂಪನಿಗಳು ಬಚ್ಚಿಟ್ಟು ಮಾಡುವುದನ್ನು ಕ್ಯೂನಾರ್ಡ್ ಬಾಗಿಲ ಮೇಲೆ ಬರೆದು ಮಾಡುತ್ತದೆ ಎಂಬಷ್ಟು ಮೆಚ್ಚುಗೆಯನ್ನಾದರೂ ಅದಕ್ಕೆ ಸಲ್ಲಿಸಬೇಕು.

ಊಟದ ಅರ್ಥಶಾಸ್ತ್ರವನ್ನು ತಿಳಿಯಲು ಉದ್ಯಮದ ಅತಿ ದೊಡ್ಡ ಸಂಸ್ಥೆಯಾದ ಕಾರ್ನಿವಲ್ ಕಾರ್ಪೊರೇಷನ್ನಿನ ಲೆಕ್ಕಪತ್ರ ಸಾಕು. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕ್ಯೂನಾರ್ಡ್, ಸೀಬೋರ್ನ್ ನಾಲ್ಕೂ ಇದರದೇ ಒಡೆತನದಲ್ಲಿವೆ. 2023ರಲ್ಲಿ ಈ ಸಂಸ್ಥೆಯ ಒಟ್ಟು ಆದಾಯ ಸುಮಾರು 2,160 ಕೋಟಿ ಡಾಲರ್ ಇದ್ದು, ಅದರಲ್ಲಿ ಟಿಕೆಟ್ ಮಾರಾಟದಿಂದ ಬಂದದ್ದು ಸುಮಾರು 1,400 ಕೋಟಿ. ಉಳಿದ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನ ಹಣ ಹಡಗು ಹತ್ತಿದ ಮೇಲೆ ಪ್ರಯಾಣಿಕರು ಮಾಡಿದ ಖರ್ಚು ಮತ್ತಿತರ ಮೂಲಗಳಿಂದ, ಅಂದರೆ ಮದ್ಯ, ಕ್ಯಾಸಿನೊ, ಅಂಗಡಿ, ಸ್ಪಾ, ದಡದ ಮೇಲಿನ ಪ್ರವಾಸ ಮುಂತಾದವುಗಳಿಂದ ಬಂದದ್ದು. ಅದೇ ವರ್ಷ ಆಹಾರಕ್ಕೆಂದು ಸಂಸ್ಥೆ ತೋರಿಸಿದ ಖರ್ಚು 130 ಕೋಟಿ ಡಾಲರ್‌ಗಿಂತ ತುಸು ಹೆಚ್ಚು. ಒಬ್ಬ ಪ್ರಯಾಣಿಕ ಹಡಗಿನಲ್ಲಿ ಕಳೆಯುವ ಒಂದು ದಿನವನ್ನು ಒಂದು ಪ್ರಯಾಣಿಕ ದಿನವೆಂದು ಎಣಿಸಿದರೆ ಆ ವರ್ಷ ಸುಮಾರು 9 ಕೋಟಿ ಪ್ರಯಾಣಿಕ ದಿನಗಳಾಗಿದ್ದವು; ಭಾಗಿಸಿ ನೋಡಿದರೆ ತಲಾ ದಿನದ ಆಹಾರ ವೆಚ್ಚ 14–15 ಡಾಲರ್ ಆಸುಪಾಸಿಗೆ ಬಂದು ನಿಲ್ಲುತ್ತದೆ. ಬೆಳಗಿನ ತಿಂಡಿಯಿಂದ ನಡುರಾತ್ರಿಯ ಉಪಾಹಾರದವರೆಗೆ ಎಲ್ಲವೂ ಇದರಲ್ಲೇ ಮುಗಿಯಬೇಕು. ಇದು ಜನಸಾಮಾನ್ಯರ ಹಡಗುಗಳನ್ನೂ ಕೂಡಿಸಿದ ಸರಾಸರಿಯಾದ್ದರಿಂದ ಸೀಬೋರ್ನ್‌ನಂಥ ಹಡಗಿನಲ್ಲಿ ವೆಚ್ಚ ಹೆಚ್ಚೇ ಇರುತ್ತದೆ. ಆದರೂ ಟಿಕೆಟ್ಟಿನ ದೊಡ್ಡ ಮೊತ್ತದಲ್ಲಿ ಊಟದ ಪಾಲು ಪ್ರಯಾಣಿಕರು ಊಹಿಸುವುದಕ್ಕಿಂತ ಬಹಳ ಚಿಕ್ಕದೆಂಬುದು ಇದರಿಂದ ಗೊತ್ತಾಗುತ್ತದೆ. ಊಟವನ್ನು ಧಾರಾಳವಾಗಿ 'ಉಚಿತ'ವೆಂದು ಕೊಡಲು ಕಂಪನಿಗಳಿಗೆ ಸಾಧ್ಯವಾಗಿರುವುದು ಈ ಕಾರಣದಿಂದಲೇ.

ಪ್ರೀಮಿಯಂ ಹಡಗುಗಳಲ್ಲಿ ನಿಜವಾಗಿ ದುಬಾರಿಯಾದದ್ದು ಕುರ್ಚಿ. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಏಕಕಾಲದಲ್ಲಿ ಬಡಿಸುವಷ್ಟು ದೊಡ್ಡ ಭೋಜನಶಾಲೆ ಕಟ್ಟಿದರೆ ಅಷ್ಟು ಜಾಗದಲ್ಲಿ ಬರಬಹುದಾಗಿದ್ದ ಕೋಣೆಗಳ ಬಾಡಿಗೆ ಕೈತಪ್ಪುತ್ತದೆ. ಹಾಗಾಗಿ ಸಂಜೆ ಆರರ ಸುಮಾರಿಗೆ ಒಂದು, ಎಂಟೂವರೆಯ ಸುಮಾರಿಗೆ ಇನ್ನೊಂದು ಎಂದು, ಮದುವೆಮನೆಯ ಮೊದಲ ಮತ್ತು ಎರಡನೆಯ ಪಂಕ್ತಿಗಳ ಹಾಗೆ, ಎರಡು ಸರದಿಗಳಲ್ಲಿ ಬಡಿಸುವ ಪದ್ಧತಿ ದಶಕಗಳ ಕಾಲ ನಡೆದುಬಂತು. ಸರದಿಯೂ ಮೇಜೂ ಮೇಜಿನ ಸಂಗಡಿಗರೂ ಇಡೀ ಯಾನಕ್ಕೆ ಗೊತ್ತಾಗಿರುತ್ತಿದ್ದರು. ಇಷ್ಟಬಂದ ಹೊತ್ತಿಗೆ ಇಷ್ಟಬಂದವರ ಜೊತೆ ಕೂರುವ ಸ್ವಾತಂತ್ರ್ಯಕ್ಕೆ 'ಓಪನ್ ಸೀಟಿಂಗ್' ಎನ್ನುತ್ತಾರೆ; ಇದಕ್ಕೆ ಎಲ್ಲರೂ ಒಟ್ಟಿಗೆ ಬಂದರೂ ಸಾಲುವಷ್ಟು ಕುರ್ಚಿ ಬೇಕು, ಉಳಿದ ಹೊತ್ತು ಅವು ಖಾಲಿ. ಸೀಬೋರ್ನ್ ಮತ್ತು ಸಿಲ್ವರ್‌ಸೀ ಹಡಗುಗಳು ಮೊದಲಿನಿಂದ ಇದನ್ನು ಕೊಡಲು ಸಾಧ್ಯವಾದದ್ದು ಅವುಗಳಲ್ಲಿ ಪ್ರಯಾಣಿಕರ ಸಂಖ್ಯೆ ಕೆಲವು ನೂರುಗಳನ್ನು ಮೀರದಿರುವುದರಿಂದ. ಲಕ್ಷುರಿ ಹಡಗಿನ ಪ್ರಯಾಣಿಕ ತೆರುವ ಹೆಚ್ಚಿನ ದರದ ದೊಡ್ಡ ಪಾಲು ಕ್ಯಾವಿಯಾರ್‌ಗಿಂತ ಹೆಚ್ಚಾಗಿ ಈ ಖಾಲಿ ಕುರ್ಚಿಗಳಿಗೆ ಸಲ್ಲುತ್ತದೆ ಎಂದರೆ ಅತಿಶಯೋಕ್ತಿಯಾಗದು.

ವಿಶೇಷ ರೆಸ್ಟೋರೆಂಟುಗಳ ವಿಚಾರದಲ್ಲಿ ಕಂಪನಿಗಳ ನೀತಿ ಒಂದೇ ಬಗೆಯದಲ್ಲ. 1990ರಲ್ಲಿ ಬಂದ ಕ್ರಿಸ್ಟಲ್ ಹಾರ್ಮನಿ ಹಡಗು ಇಟಲಿ ಮತ್ತು ಜಪಾನ್ ಶೈಲಿಯ ಪ್ರತ್ಯೇಕ ರೆಸ್ಟೋರೆಂಟುಗಳನ್ನು ಹೆಚ್ಚಿನ ಶುಲ್ಕವಿಲ್ಲದೆ ತೆರೆಯಿತು. 2003ರಲ್ಲಿ ಕ್ರಿಸ್ಟಲ್ ಸೆರೆನಿಟಿಯಲ್ಲಿ ಜಪಾನಿನ ಖ್ಯಾತ ಬಾಣಸಿಗ ನೊಬು ಮಾತ್ಸುಹಿಸಾ ಅವರ ಅಡುಗೆ ಬಂತು. ಫ್ರೆಂಚ್ ಬಾಣಸಿಗ ಜಾಕ್ ಪೆಪ್ಯಾಂ ಅವರ ಹೆಸರಿನೊಂದಿಗೆ ಬೆಳೆದ ಓಷಿಯಾನಿಯಾ ತನ್ನ ವಿಶೇಷ ರೆಸ್ಟೋರೆಂಟುಗಳೆಲ್ಲ ಟಿಕೆಟ್ಟಿನಲ್ಲೇ ಸೇರಿವೆ ಎಂಬುದನ್ನೇ ಮುಖ್ಯ ಆಕರ್ಷಣೆಯಾಗಿ ಮಾಡಿಕೊಂಡಿದೆ. ಅಮೆರಿಕದ ಥಾಮಸ್ ಕೆಲ್ಲರ್ 2016ರಿಂದ 2024ರವರೆಗೆ ಸೀಬೋರ್ನ್ ಹಡಗುಗಳಲ್ಲಿ ತಮ್ಮ ಹೆಸರಿನ ಗ್ರಿಲ್ ನಡೆಸಿದಾಗಲೂ ಪ್ರತ್ಯೇಕ ಬೆಲೆ ಇರಲಿಲ್ಲ. ಸಿಲ್ವರ್‌ಸೀಯ 'ಲಾ ದಾಮ್', ರಿಟ್ಸ್ ಕಾರ್ಲ್‌ಟನ್ ಯಾಟ್ ಕಲೆಕ್ಷನ್ನಿನ ಎವ್ರಿಮಾ ಹಡಗಿನಲ್ಲಿ ಜರ್ಮನಿಯ ಸ್ವೆನ್ ಎಲ್ವರ್‌ಫೆಲ್ಡ್ ರೂಪಿಸಿದ ರೆಸ್ಟೋರೆಂಟ್ ಮುಂತಾದ ಕಡೆ ಮಾತ್ರ, ಉಳಿದೆಲ್ಲವೂ ಸೇರಿದ್ದೂ ಪ್ರತ್ಯೇಕ ಹಣ ಕೊಡಬೇಕಾಗಿ ಬಂದಿದೆ. ಹಾಗೆಂದು ಹಣ ಕೇಳದ ಕಡೆಯಲ್ಲೆಲ್ಲ ಸಮಾನತೆ ಇದೆಯೆಂದು ತಿಳಿಯಬೇಕಿಲ್ಲ. ಓಷಿಯಾನಿಯಾದಲ್ಲಿ ದೊಡ್ಡ ಸೂಟಿನವರಿಗೆ ಮೇಜು ಕಾಯ್ದಿರಿಸುವ ಅವಕಾಶ ಬೇಗ ತೆರೆದು, ಹೆಚ್ಚು ಸಲ ಸಿಗುತ್ತದೆ. ಚಿಕ್ಕ ಕೋಣೆಯವರು ತಮ್ಮ ಸರದಿ ಬಂದಾಗ ನೋಡಿದರೆ ಏಳೂವರೆ ಗಂಟೆಯ ಮೇಜುಗಳು ಮುಗಿದು, ತೀರ ಮುಂಚಿನದೋ ತೀರ ತಡವಾದದ್ದೋ ಉಳಿದಿರುತ್ತವೆ. ಕ್ರಿಸ್ಟಲ್ ಹಡಗಿನ ಜಪಾನಿ ರೆಸ್ಟೋರೆಂಟಿನಲ್ಲಿ ಒಂದು ಯಾನದಲ್ಲಿ ಗೊತ್ತಾದಷ್ಟು ಸಲ ಉಚಿತವಾಗಿ ಉಂಡು, ಮತ್ತೆ ಬೇಕೆಂದರೆ ಶುಲ್ಕ ತೆರುವ ನಿಯಮ ಇರುವುದೂ ಗಳಿಕೆಗಿಂತ ಹೆಚ್ಚಾಗಿ ನೂಕುನುಗ್ಗಲನ್ನು ತಡೆಯಲೆಂದೇ.

ವೈನಿನ ವಿಚಾರ ಇದಕ್ಕಿಂತ ಜಟಿಲವಾದದ್ದು, ಏಕೆಂದರೆ ಇಲ್ಲಿ ಕಂಪನಿಯ ಹಿತ ಯಾವ ಕಡೆಗಿದೆ ಎಂಬುದು ದರನೀತಿಯೊಂದಿಗೇ ತಿರುಗಿಬಿಡುತ್ತದೆ. ವೈನನ್ನು ಬೇರೆಯಾಗಿ ಮಾರುವ ಹಡಗಿನಲ್ಲಿ ಪ್ರಯಾಣಿಕ ಹೆಚ್ಚು ಕುಡಿದಷ್ಟೂ, ಬೆಲೆಬಾಳುವ ಬಾಟಲಿ ತೆರೆಸಿದಷ್ಟೂ ಲಾಭ. ಹೀಗಾಗಿ ಅಲ್ಲಿ ವೈನ್ ಪಟ್ಟಿ ದಪ್ಪವಾಗಿರುತ್ತದೆ, ವೈನ್ ಆರಿಸಲು ನೆರವಾಗುವ ಸಾಮೆಲಿಯೆ ಎಂಬ ಪರಿಣತ ಸಿಬ್ಬಂದಿ ಉತ್ಸಾಹದಿಂದ ಮೇಜಿಗೆ ಬರುತ್ತಾರೆ, ಅರ್ಧ ಮುಗಿದ ಬಾಟಲಿಗೆ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಮರುದಿನದ ಊಟಕ್ಕೆ ಎತ್ತಿಡುತ್ತಾರೆ. ವೈನ್ ಟಿಕೆಟ್ಟಿನಲ್ಲೇ ಸೇರಿರುವ ಹಡಗಿನಲ್ಲಿ ಪ್ರತಿ ಗ್ಲಾಸೂ ಕಂಪನಿಗೆ ಖರ್ಚು. ಅಲ್ಲಿ ಪರಿಚಾರಕರು ಒಂದು ಕೈಯಲ್ಲಿ ಬಿಳಿ, ಇನ್ನೊಂದರಲ್ಲಿ ಕೆಂಪು ಬಾಟಲಿ ಹಿಡಿದು ಮೇಜಿನಿಂದ ಮೇಜಿಗೆ ಸುತ್ತುತ್ತಾರೆ. ಆ ದಿನಕ್ಕೆಂದು ಆರಿಸಿದ ಆ ಎರಡು ವೈನುಗಳು ಕಳಪೆಯೆಂದಲ್ಲ, ಎಷ್ಟೋ ಸಲ ಒಳ್ಳೆಯವೇ ಆಗಿರುತ್ತವೆ. ಆದರೆ ಅವನ್ನು ಆರಿಸಿದ್ದು ಸಗಟು ದರದಲ್ಲಿ ನೂರಾರು ಪೆಟ್ಟಿಗೆ ಸಿಗುತ್ತದೆಯೇ, ವಿವಿಧ ಅಡುಗೆಗಳಿಗೆ ಹೊಂದುತ್ತದೆಯೇ, ಯಾರೂ ತಕರಾರು ಮಾಡದಷ್ಟು ಸೌಮ್ಯವಾಗಿದೆಯೇ ಎಂಬ ಮೂರು ಪ್ರಶ್ನೆಗಳ ಮೇಲೆ. ಬೇರೆ ವೈನ್ ಬೇಕೆಂದು ಕೇಳಿದವರಿಗೆ ಇನ್ನೂ ಕೆಲವು ಉಚಿತ ಬಾಟಲಿಗಳು ಇರುವುದುಂಟು, ಕೇಳದವರಿಗೆ ಅವು ಕಾಣುವುದಿಲ್ಲ. ಬೋರ್ಡೊ, ಬರ್ಗಂಡಿಗಳ ಹೆಸರಾಂತ ತೋಟಗಳ ವೈನ್ ಬೇಕೆಂದರೆ ಸಿಲ್ವರ್‌ಸೀಯಲ್ಲಿ 'ಕಾನಸರ್' ಪಟ್ಟಿ ಇದ್ದಂತೆ ಉಳಿದ ಹಡಗುಗಳಲ್ಲೂ ಹಣದ ಪಟ್ಟಿಯೊಂದು ಇದ್ದೇ ಇರುತ್ತದೆ. ಅಂತಲೇ ಎಲ್ಲವೂ ಸೇರಿದ ಹಡಗೆಂದರೆ ವೈನ್ ಬಲ್ಲವರ ಸ್ವರ್ಗವೆಂಬ ಪ್ರಚಾರ ಅರ್ಧ ಮಾತ್ರ ನಿಜ. ನಿತ್ಯ ಎರಡು ಮೂರು ಗ್ಲಾಸು ಕುಡಿದು ತೃಪ್ತರಾಗುವವರಿಗೆ ಅದು ಅನುಕೂಲ, ಆಯ್ದು ಕುಡಿಯುವ ರಸಿಕರಿಗೆ ದೊಡ್ಡ ಪಟ್ಟಿಯುಳ್ಳ ಪ್ರೀಮಿಯಂ ಹಡಗೇ ಲೇಸಾಗಬಹುದು.

ವೈನಿನ ಬೆಲೆ ಕಟ್ಟುವ ಕ್ರಮವನ್ನೂ ಇಲ್ಲಿ ವಿವರಿಸಬೇಕು. ಸಾಮಾನ್ಯ ಬಾಟಲಿಯಲ್ಲಿ 750 ಮಿಲಿಲೀಟರ್ ವೈನ್ ಇದ್ದು, 150 ಮಿಲಿಲೀಟರಿನ ಐದು ಗ್ಲಾಸುಗಳಾಗುತ್ತವೆ; ಬಾಟಲಿಯ ಸಗಟು ಬೆಲೆ ಮೊದಲ ಗ್ಲಾಸಿನಲ್ಲೇ ಹುಟ್ಟಬೇಕೆಂಬುದು ರೆಸ್ಟೋರೆಂಟ್ ಉದ್ಯಮದ ರೂಢಿ, ಏಕೆಂದರೆ ತೆರೆದ ಬಾಟಲಿ ಖರ್ಚಾಗದೆ ಕೆಟ್ಟುಹೋಗುವ ಅಪಾಯ ಇರುತ್ತದೆ. ಹಡಗಿನ ಉಗ್ರಾಣಕ್ಕೆ ಸೇರುವ ಮದ್ಯ ಸುಂಕವಿಲ್ಲದೆ ಬರುವಂಥದಾದರೂ ಆ ಉಳಿತಾಯ ಪ್ರಯಾಣಿಕನ ಬಿಲ್ಲಿನಲ್ಲಿ ಕಾಣುವುದು ಕಡಿಮೆ. ಯುರೋಪಿಯನ್ ಒಕ್ಕೂಟದ ಬಂದರುಗಳ ನಡುವೆಯೇ ಸುತ್ತುವ ಯಾನದಲ್ಲಿ ಇದಕ್ಕೆ ವಿರುದ್ಧವಾಗಿ ಮಾರಾಟದ ಮೇಲೆ ವ್ಯಾಟ್ ಬೀಳುವುದುಂಟು. ದಾರಿಯಲ್ಲಿ ಒಕ್ಕೂಟದ ಹೊರಗಿನ ಬಂದರೊಂದು ಸಿಕ್ಕರೆ ಸಾಮಾನ್ಯವಾಗಿ ಈ ತೆರಿಗೆ ತಪ್ಪುತ್ತದೆ. ಬಿಲ್ಲಿಗೆ ತಾನಾಗಿ ಸೇರುವ ಶೇ 18 ಅಥವಾ 20ರ ಸೇವಾ ಶುಲ್ಕ ಮಾತ್ರ ತಪ್ಪುವುದು ಅಪರೂಪ.

ಸ್ವಂತ ಬಾಟಲಿ ತರುವವರ ವಿಷಯದಲ್ಲಿ ಕಂಪನಿಗಳ ಧೋರಣೆ ಕಾಲದಿಂದ ಕಾಲಕ್ಕೆ ಬಿಗಿಯಾಗುತ್ತ ಬಂದಿದೆ. ಪ್ರೀಮಿಯಂ ಹಡಗುಗಳಲ್ಲಿ ವಯಸ್ಕರೊಬ್ಬರು ಹತ್ತುವ ದಿನ 750 ಮಿಲಿಲೀಟರಿನ ಒಂದು ಬಾಟಲಿ ವೈನ್ ತರಬಹುದೆಂಬ ನಿಯಮ ಸಾಮಾನ್ಯ. ಅದನ್ನು ಭೋಜನಶಾಲೆಯಲ್ಲಿ ತೆರೆಸಿದರೆ ಬಾಟಲಿಗೆ ಸುಮಾರು 15ರಿಂದ 35 ಡಾಲರ್‌ವರೆಗೆ ಕಾರ್ಕೇಜ್ ಎಂಬ ಶುಲ್ಕ ಕೊಡಬೇಕಾಗುತ್ತದೆ. ಗ್ಲಾಸು ಒದಗಿಸಿ ಬಡಿಸಿದ್ದಕ್ಕೆ ಈ ಶುಲ್ಕವೆಂದು ಹೇಳಲಾಗುತ್ತದಾದರೂ ಕೈತಪ್ಪಿದ ಮಾರಾಟದ ಪರಿಹಾರವೇ ಇದರ ನಿಜವಾದ ಉದ್ದೇಶ. 80 ಡಾಲರ್ ಬಾಳುವ ವೈನ್ ತಂದವರಿಗೆ ಇದು ಲಾಭಕರ, 12 ಡಾಲರಿನದನ್ನು ತಂದವರಿಗೆ ಮೂರ್ಖತನ.

ಇವೆರಡು ಪದ್ಧತಿಗಳ ನಡುವೆ ನಿಂತಿರುವುದು 'ಬೆವರೇಜ್ ಪ್ಯಾಕೇಜ್', ಅಂದರೆ ದಿನಕ್ಕಿಷ್ಟೆಂದು ಮೊದಲೇ ಹಣ ಕಟ್ಟಿ ಬೇಕಾದಷ್ಟು ಕುಡಿಯುವ ಏರ್ಪಾಡು. ಲೆಕ್ಕ ಸುಲಭವಾಗಲೆಂದು ಪ್ಯಾಕೇಜಿನ ದರ ದಿನಕ್ಕೆ 70 ಡಾಲರ್, ಗ್ಲಾಸಿನ ಬೆಲೆ 14 ಡಾಲರ್, ಎರಡರ ಮೇಲೂ ಶೇ 18 ಸೇವಾ ಶುಲ್ಕವೆಂದು ಇಟ್ಟುಕೊಳ್ಳೋಣ. ಪ್ಯಾಕೇಜಿಗೆ 82 ಡಾಲರ್ 60 ಸೆಂಟ್, ಗ್ಲಾಸಿಗೆ 16 ಡಾಲರ್ 52 ಸೆಂಟ್ ಆಗುತ್ತದೆ. ದಿನಕ್ಕೆ ಸರಿಯಾಗಿ ಐದು ಗ್ಲಾಸು, ಅಂದರೆ ಒಂದು ಇಡೀ ಬಾಟಲಿ ಕುಡಿದರೆ ಹಣ ಹುಟ್ಟಿತು. ಬೆಳಗಿನಿಂದ ಸಂಜೆಯವರೆಗೆ ಊರು ನೋಡಲು ದಡಕ್ಕೆ ಹೋಗುವ ದಿನಗಳಲ್ಲೂ ಅಷ್ಟೇ ಕುಡಿಯಬೇಕು, ಇಲ್ಲವಾದರೆ ನಷ್ಟ. ಹಲವು ಕಂಪನಿಗಳು ಒಂದೇ ಕೋಣೆಯಲ್ಲಿರುವ ವಯಸ್ಕರಲ್ಲಿ ಒಬ್ಬರು ಪ್ಯಾಕೇಜ್ ಕೊಂಡರೆ ಇನ್ನೊಬ್ಬರೂ ಕೊಳ್ಳಲೇಬೇಕೆಂದು ಕಡ್ಡಾಯ ಮಾಡಿವೆ. ಒಂದು ಪ್ಯಾಕೇಜಿನಲ್ಲಿ ಇಬ್ಬರು ಹಂಚಿಕೊಂಡು ಕುಡಿಯದಿರಲಿ ಎಂಬುದು ಇದಕ್ಕೆ ಕೊಡುವ ಕಾರಣ. ಆಳದಲ್ಲಿರುವ ಕಾರಣವನ್ನು ವಿಮಾಶಾಸ್ತ್ರ ಚೆನ್ನಾಗಿ ವಿವರಿಸುತ್ತದೆ: ಕೊಳ್ಳುವುದು ಐಚ್ಛಿಕವಾಗಿದ್ದಲ್ಲಿ ಅತಿ ಹೆಚ್ಚು ಬಳಸುವವರೇ ಬಂದು ಕೊಳ್ಳುತ್ತಾರೆ, ಸರಾಸರಿ ಖರ್ಚು ದರವನ್ನು ಮೀರುತ್ತದೆ, ಕಡಿಮೆ ಬಳಸುವವರನ್ನೂ ಒಳಗೆ ಎಳೆದುಕೊಂಡರೆ ಮಾತ್ರ ಲೆಕ್ಕ ಸರಿದೂಗುತ್ತದೆ. ಎಲ್ಲವೂ ಸೇರಿದ ಟಿಕೆಟ್ಟೆಂದರೆ ಇದೇ ತಂತ್ರವನ್ನು ಇಡೀ ಹಡಗಿಗೆ ಅನ್ವಯಿಸಿದ ರೂಪ. 2012ರಲ್ಲಿ ಕ್ರಿಸ್ಟಲ್ ವೈನ್, ಮದ್ಯ, ಟಿಪ್ಸ್‌ಗಳನ್ನು ಟಿಕೆಟ್ಟಿಗೆ ಸೇರಿಸಿದಾಗ ಅದರ ಹಳೆಯ ಗಿರಾಕಿಗಳಲ್ಲಿ ಹೆಚ್ಚು ಕುಡಿಯುವವರಿಗೆ ಆದ ಲಾಭವನ್ನು ಭರಿಸಿದವರು ಕುಡಿಯದವರೇ. ವೈಕಿಂಗ್ ಕಂಪನಿ ಮಧ್ಯಾಹ್ನ ಮತ್ತು ರಾತ್ರಿಯ ಊಟದ ಜೊತೆಗಿನ ವೈನ್, ಬಿಯರ್ ಮಾತ್ರ ಸೇರಿಸಿ, ಉಳಿದ ಮದ್ಯಕ್ಕೆ ಬೆಲೆ ಇಟ್ಟಿರುವುದು ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವಾದ ನಡುದಾರಿ.

ಟಿಕೆಟ್ ದರದಲ್ಲಿ ಇನ್ನೂ ಕೆಲವು ಒಳಸುಳಿಗಳಿವೆ. ಜಾಹೀರಾತಿನ ದರ ಇಬ್ಬರು ಒಂದು ಕೋಣೆ ಹಂಚಿಕೊಂಡಾಗಿನ ತಲಾ ದರ. ಒಂಟಿಯಾಗಿ ಹೋಗುವವರು 'ಸಿಂಗಲ್ ಸಪ್ಲಿಮೆಂಟ್' ಎಂಬ ಹೆಚ್ಚುವರಿ ಹಣ ಸೇರಿಸಿ ಎಷ್ಟೋ ಸಲ ಇಬ್ಬರ ದರವನ್ನೇ ಕಟ್ಟುತ್ತಾರೆ, ಉಣ್ಣುವುದೂ ಕುಡಿಯುವುದೂ ಒಬ್ಬರೇ ಆದರೂ. ಕಡ್ಡಾಯ ಶುಲ್ಕಗಳನ್ನು ಆಮೇಲೆ ಒಂದೊಂದಾಗಿ ಸೇರಿಸುವ ಚಾಳಿಗೆ ಕಡಿವಾಣ ಹಾಕುವ ಕ್ಯಾಲಿಫೋರ್ನಿಯಾದ ಕಾನೂನು 2024ರ ಜುಲೈ 1ರಂದು ಜಾರಿಗೆ ಬಂದ ಮೇಲೆ ದೊಡ್ಡ ಕಂಪನಿಗಳು ಬಂದರು ತೆರಿಗೆ ಮತ್ತು ಶುಲ್ಕಗಳನ್ನು ಕೂಡಿಸಿಯೇ ದರ ತೋರಿಸತೊಡಗಿದವು. ಪ್ರೀಮಿಯಂ ಹಡಗುಗಳ ದಿನದ ಟಿಪ್ಸ್ ಮಾತ್ರ, ಬೇಡವೆಂದು ತೆಗೆಸಬಹುದಾದ ಐಚ್ಛಿಕ ಮೊತ್ತವೆಂಬ ನೆಪದಲ್ಲಿ, ಈಗಲೂ ಹೊರಗೇ ಉಳಿದಿದೆ. ಕೊನೆಯ ಕಂತನ್ನು ಹೊರಡುವುದಕ್ಕೆ ತಿಂಗಳುಗಳ ಮುಂಚೆಯೇ ಕಟ್ಟಬೇಕಾಗುವುದರಿಂದ ಕಂಪನಿ ಮುಳುಗಿದರೆ ಪ್ರಯಾಣಿಕರೂ ಮುಳುಗುತ್ತಾರೆ. 2022ರ ಆರಂಭದಲ್ಲಿ ಮಾತೃಸಂಸ್ಥೆ ಗೆಂಟಿಂಗ್ ಹಾಂಗ್‌ಕಾಂಗ್ ಕುಸಿದು, ಇಂಧನದ ಬಾಕಿಗಾಗಿ ಕ್ರಿಸ್ಟಲ್‌ನ ಎರಡು ಹಡಗುಗಳು ಬಹಾಮಾಸ್‌ನಲ್ಲಿ ಜಪ್ತಿಯಾದಾಗ ಮುಂಗಡ ಕಟ್ಟಿದ್ದವರು ಬಾಕಿ ಬರಬೇಕಾದವರ ಸಾಲಿನಲ್ಲಿ ನಿಲ್ಲಬೇಕಾಯಿತು. ಹೊಸ ಒಡೆಯರ ಕೈಯಲ್ಲಿ ಆ ಹಡಗುಗಳು ಮತ್ತೆ ಹೊರಟದ್ದು 2023ರಲ್ಲಿ.

ಈ ಹಡಗುಗಳಿಗೂ ನಮ್ಮ ಕರಾವಳಿಗೂ ನಂಟಿದೆ. ನವಮಂಗಳೂರು ಬಂದರಿಗೆ ಚಳಿಗಾಲದ ಯಾನಗಳಲ್ಲಿ ಬಂದುಹೋಗಿರುವ ಹಡಗುಗಳಲ್ಲಿ ಓಷಿಯಾನಿಯಾದ ನಾಟಿಕಾ, ರಿವಿಯೇರಾಗಳೂ ಇವೆ. ಅವುಗಳ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ ನೋಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ. ಇಂಥ ಹಡಗುಗಳ ಅಡುಗೆಮನೆ, ಭೋಜನಶಾಲೆಗಳಲ್ಲಿ ಗೋವಾದವರು ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ, ಕರಾವಳಿ ಕರ್ನಾಟಕದವರೂ ಇದ್ದಾರೆ. ಮುಂಚಿತವಾಗಿ ತಿಳಿಸಿದರೆ ಸಸ್ಯಾಹಾರಿಗಳಿಗೆ ಬೇಳೆ, ಅನ್ನ, ಪಲ್ಯಗಳ ಊಟ ಎಷ್ಟೋ ಹಡಗುಗಳಲ್ಲಿ ಸಿಗುವುದಕ್ಕೆ ಇವರ ಕೈಗುಣವೂ ಒಂದು ಕಾರಣ.

ಮದ್ಯ ಮುಟ್ಟದ, ಮಾಂಸ ತಿನ್ನದ ಕನ್ನಡಿಗ ದಂಪತಿಗಳು ಕರ್ನಾಟಕದಿಂದಲೂ ಹೊರನಾಡುಗಳಿಂದಲೂ ಈ ಹಡಗುಗಳನ್ನು ಹತ್ತುತ್ತಿರುವಾಗ, ಎಲ್ಲವೂ ಸೇರಿದ ಟಿಕೆಟ್ ಅವರ ಪಾಲಿಗೆ ಪಕ್ಕದ ಮೇಜಿನ ಷಾಂಪೇನಿಗೆ ವಂತಿಗೆ ಕೊಟ್ಟಂತೆಯೇ ಸರಿ. ವಿಶಾಲವಾದ ಕೋಣೆ, ಕಡಿಮೆ ಜನ, ಕಾಯದೆ ಸಿಗುವ ಮೇಜು ಇವಕ್ಕಾಗಿಯೇ ಆ ಬೆಲೆ ಕೊಡುವುದಾದರೆ ತಪ್ಪೇನಿಲ್ಲ. ಉಚಿತ ವೈನಿನ ಹೆಸರಿನಲ್ಲಿ ಕೊಡುವುದಕ್ಕೆ ಮಾತ್ರ ಅರ್ಥವಿಲ್ಲ. ಊಟ ಸೇರಿಸಿ ಪಾನೀಯವನ್ನು ಹೊರಗಿಟ್ಟ ದರ ಅದೇ ಕಂಪನಿಯಲ್ಲಿ ಇದೆಯೇ, ಸಸ್ಯಾಹಾರದ ಕೋರಿಕೆಯನ್ನು ಯಾವ ದಿನಾಂಕದೊಳಗೆ ಸಲ್ಲಿಸಬೇಕು, ಆಯ್ದ ಕೋಣೆಯವರಿಗೆ ವಿಶೇಷ ರೆಸ್ಟೋರೆಂಟುಗಳಲ್ಲಿ ಎಷ್ಟು ಸಲ ಮೇಜು ಸಿಗುತ್ತದೆ ಎಂಬುದನ್ನು ಕೊನೆಯ ಕಂತು ಕಟ್ಟುವ ಮುನ್ನವೇ ಏಜೆಂಟರಿಂದ ಬರಹದಲ್ಲಿ ಪಡೆದುಕೊಳ್ಳಬೇಕು. ಆ ದಿನ ದಾಟಿದ ಮೇಲೆ ಪ್ರಯಾಣ ರದ್ದು ಮಾಡಿದರೆ ಕಟ್ಟಿದ ಹಣದ ಒಂದು ಭಾಗ ಮಾತ್ರ ಮರಳುತ್ತದೆ, ಹೊರಡುವ ದಿನ ಹತ್ತಿರವಾದರೆ ಅದೂ ಇಲ್ಲ.